ಬಿತ್ತನೆ ಕಾಳಿಗೆ ಹುಳು ಹತ್ತಿದರೆ

ವೈಟ್‌ಫೀಲ್ಡಿನ ಸುತ್ತಮುತ್ತ, ಕಾಡುಗೋಡಿ, ಹೂಡಿ, ವರ್ತೂರುಗಳ ಕಡೆ, ಇಂದು ಗಾಜಿನ ಗೋಡೆಯ ಕಚೇರಿಗಳು ಎದ್ದು ನಿಂತಿರುವ ನೆಲದಲ್ಲಿ ಹಿಂದೆ ರಾಗಿ ಬೆಳೆಯುತ್ತಿತ್ತು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆಗಳು ಬೆಳೆಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಮನೆಯ ಹಿರಿಯ ಹೆಂಗಸರು ಕಾಳನ್ನು ಎರಡು ಪಾಲು ಮಾಡುತ್ತಿದ್ದರು. ಒಂದು ಪಾಲು ಅಡಿಗೆಗೆ, ಇನ್ನೊಂದು ಬಿತ್ತನೆಗೆ. ಅಡಿಗೆಯ ಕಾಳಿಗೆ ಹುಳು ಹತ್ತಿದರೆ ನಾಲ್ಕು ದಿನದ ಸಾರು ಕೆಟ್ಟಿತು, ಅಷ್ಟೆ. ಬಿತ್ತನೆ ಕಾಳಿಗೆ ಹುಳು ಹತ್ತಿದರೆ ಕೆಟ್ಟದ್ದು ಮುಂದಿನ ವರ್ಷದ ಹೊಲ. ಆದುದರಿಂದಲೇ ಆ ಪಾಲಿಗೆ ವಿಶೇಷ ರಕ್ಷೆ: ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಬೂದಿ ಬೆರೆಸುವುದು, ಬೇವಿನ ಸೊಪ್ಪು ಇಟ್ಟು ಗುಡಾಣದ ಬಾಯಿ ಕಟ್ಟುವುದು.

ನಮ್ಮ ಶರೀರವೂ ಹೀಗೆಯೇ ಎರಡು ಪಾಲು ಮಾಡಿಕೊಂಡು ಬದುಕುತ್ತದೆ ಎಂದರೆ ನೀವು ಆಶ್ಚರ್ಯಪಡಬಹುದು. ಶರೀರದ ಬಹುಪಾಲು ಜೀವಕೋಶಗಳು ದುಡಿದು ಸವೆಯತಕ್ಕವು. ರಕ್ತದ ಕೆಂಪು ಕೋಶದ ಆಯುಸ್ಸು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣದ್ದು ಎಂಟು ಹತ್ತು ದಿನ. ಕರುಳಿನ ಒಳಪದರದ ಕೋಶವಂತೂ ನಾಲ್ಕೈದು ದಿನಕ್ಕೆ ಉದುರಿಹೋಗುತ್ತದೆ. ಹೀಗೆ ಸವೆದದ್ದನ್ನು ತುಂಬಿಕೊಡುವುದಕ್ಕಾಗಿ ಅಲ್ಲಲ್ಲಿ ಕೆಲವು ಕೋಶಗಳು ಮೀಸಲಾಗಿವೆ. ಅವು ತಾವು ದುಡಿಯುವುದಕ್ಕಿಂತ ಹೆಚ್ಚಾಗಿ ದುಡಿಯುವವರನ್ನು ಹುಟ್ಟಿಸುತ್ತವೆ. ಒಂದು ಎರಡಾದಾಗ ಒಂದು ಮಗಳು ಕೆಲಸಕ್ಕೆ ಹೊರಟರೆ, ಇನ್ನೊಂದು ತಾಯಿಯಂತೆಯೇ ಮನೆಯಲ್ಲಿ ಉಳಿಯಬಲ್ಲದು. ಇವಕ್ಕೆ ಮೂಲಕೋಶ ಎನ್ನೋಣ. ಆಕರಕೋಶ, ಕಾಂಡಕೋಶ ಎಂದೂ ಬರೆಯುವವರಿದ್ದಾರೆ. ವಯಸ್ಕನ ಎಲುಬಿನ ಮಜ್ಜೆಯಲ್ಲಿರುವ ಮೂಲಕೋಶಗಳ ಸಂತತಿಯಿಂದ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ಕೋಶಗಳು ಹುಟ್ಟುತ್ತವೆ ಎಂದರೆ ಈ ಬಿತ್ತನೆಯ ಪಾಲು ಎಷ್ಟು ದೊಡ್ಡ ಸಂಸಾರವನ್ನು ಸಾಕುತ್ತಿದೆ ಎಂಬುದು ತಿಳಿಯುತ್ತದೆ.

ಇಂಥ ಕೋಶಗಳಿವೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ ದೊರೆತದ್ದು ಕೆನಡಾದ ಟೊರಾಂಟೋ ನಗರದಲ್ಲಿ, 1961ರಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್ಯುಲಾಕ್ ಎಂಬಿಬ್ಬರು ವಿಕಿರಣದಿಂದ ಮಜ್ಜೆ ಬತ್ತಿಹೋದ ಇಲಿಗಳಿಗೆ ಬೇರೆ ಇಲಿಯ ಮಜ್ಜೆಯ ಕೋಶಗಳನ್ನು ಚುಚ್ಚಿದರು. ಕೆಲವು ದಿನಗಳ ಮೇಲೆ ನೋಡಿದರೆ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು! ಒಂದೊಂದು ಗಂಟೂ ಒಂದೇ ಒಂದು ಕೋಶದ ಸಂತತಿ ಎಂಬುದು ಮುಂದೆ ಖಚಿತವಾಯಿತು. ಇಂದು ನಮ್ಮ ಬೆಂಗಳೂರಿನಲ್ಲಿಯೇ, ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ, ಮೂಲಕೋಶಗಳ ವಿಜ್ಞಾನಕ್ಕೆ ಮೀಸಲಾದ ಇನ್‌ಸ್ಟೆಮ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಅದು ಆರಂಭವಾದದ್ದು 2009ರಲ್ಲಿ.

ಇನ್ನು ವೈರಸ್ಸಿನ ಸಂಗತಿ. ವೈರಸ್ಸು ತಾನಾಗಿ ಏನನ್ನೂ ಮಾಡಲಾರದು. ಉಸಿರಿಲ್ಲ, ಊಟವಿಲ್ಲ, ಸ್ವಂತ ಮನೆಯಿಲ್ಲ. ಜೀವಕೋಶವೊಂದರ ಒಳಹೊಕ್ಕು ಅದರ ಸಲಕರಣೆಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದಷ್ಟೇ ಅದಕ್ಕೆ ಗೊತ್ತು. ಹಾಗಾದರೆ ಅದು ದುಡಿದು ಸಾಯುವ ಕೋಶವನ್ನು ಹೊಗುವುದಕ್ಕೂ ಮೂಲಕೋಶವನ್ನು ಹೊಗುವುದಕ್ಕೂ ಏನು ವ್ಯತ್ಯಾಸ? ಗಂಟಲಿನ ಮೇಲ್ಪದರವನ್ನು ಹೊಕ್ಕ ನೆಗಡಿಯ ವೈರಸ್ಸು ವಾರದೊಳಗೆ ಕಾಲು ಕೀಳುತ್ತದೆ. ಕೆಟ್ಟ ಕೋಶಗಳು ಉದುರಿ ಹೊಸವು ಬರುತ್ತವೆ. ಆದರೆ ಹೊಸತನ್ನು ಕೊಡುವ ಮೂಲಕ್ಕೇ ವೈರಸ್ಸು ಹತ್ತಿದಾಗ ಮೂರು ಬಗೆಯ ಅನಾಹುತಗಳಾಗಬಹುದು. ಒಂದು, ಬೀಜವನ್ನೇ ತಿಂದುಹಾಕುವುದು. ಎರಡು, ಬೀಜದೊಳಗೆ ಅಡಗಿ ಕುಳಿತು ಬೆಳೆಯೊಡನೆ ಎಲ್ಲೆಡೆಗೂ ಪಸರಿಸುವುದು. ಮೂರು, ಬೀಜದ ಸಾಲಿನಲ್ಲಿ ಬೇರೂರಿ ವರ್ಷಗಟ್ಟಲೆ ಅಲ್ಲಿಂದಲೇ ಫಲ ತೆಗೆಯುವುದು. ಒಂದೊಂದನ್ನೂ ಉದಾಹರಣೆಯೊಡನೆ ನೋಡೋಣ.

ಮೊದಲನೆಯದಕ್ಕೆ ಝಿಕಾ ವೈರಸ್ಸಿಗಿಂತ ಸ್ಪಷ್ಟವಾದ ನಿದರ್ಶನ ಬೇರಿಲ್ಲ. 1947ರಲ್ಲಿ ಆಫ್ರಿಕದ ಉಗಾಂಡಾ ದೇಶದ ಝಿಕಾ ಎಂಬ ಕಾಡಿನಲ್ಲಿ ಪರೀಕ್ಷೆಗೆಂದು ಪಂಜರದಲ್ಲಿಟ್ಟಿದ್ದ ಕೋತಿಯೊಂದರ ರಕ್ತದಲ್ಲಿ ಇದು ಸಿಕ್ಕಿತು. ಡೆಂಗೆ ಜ್ವರದ ವೈರಸ್ಸಿಗೂ, 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿಗೂ ಇದು ದಾಯಾದಿ. ಬಹುಕಾಲ ಇದನ್ನು ಯಾರೂ ದೊಡ್ಡದಾಗಿ ಎಣಿಸಲಿಲ್ಲ. ಸೋಂಕು ತಗುಲಿದ ಐವರಲ್ಲಿ ನಾಲ್ವರಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಮಿಕ್ಕವರಿಗೆ ಸಣ್ಣ ಜ್ವರ, ಮೈಮೇಲೆ ದದ್ದು, ಕೀಲುನೋವು, ಕೆಂಗಣ್ಣು. ಒಂದು ವಾರದಲ್ಲಿ ಎಲ್ಲ ಶಮನ. ಆದರೆ 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಇದು ಹಬ್ಬಿದ ತರುವಾಯ ಅಲ್ಲಿನ ಹೆರಿಗೆ ಆಸ್ಪತ್ರೆಗಳಲ್ಲಿ ತಲೆ ತೀರ ಚಿಕ್ಕದಾಗಿರುವ ಕೂಸುಗಳು ಒಂದರ ಮೇಲೊಂದು ಹುಟ್ಟತೊಡಗಿದವು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅಂತರರಾಷ್ಟ್ರೀಯ ತುರ್ತುಸ್ಥಿತಿಯೆಂದು ಸಾರಿತು.

ತಾಯಿಗೆ ಲೆಕ್ಕಕ್ಕೆ ಬಾರದ ಜ್ವರ, ಕೂಸಿಗೆ ಇಷ್ಟು ದೊಡ್ಡ ಕೇಡು. ಇದು ಹೇಗೆ? ಗರ್ಭದಲ್ಲಿರುವ ಮಗುವಿನ ಮೆದುಳನ್ನು ಬಿಚ್ಚಿ ನೋಡುವಂತಿಲ್ಲ. ಇಲ್ಲಿ ಮೂಲಕೋಶಗಳ ವಿಜ್ಞಾನವೇ ನೆರವಿಗೆ ಬಂತು. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಕೋಶಗಳಲ್ಲಿಯೂ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಲ್ಲಿಯೂ ಒಂದು ಚಮತ್ಕಾರವನ್ನು ಸಾಧಿಸಿದ್ದರು: ಪೂರ್ತಿ ಬಲಿತ ಕೋಶವನ್ನು ಹಿಂದಕ್ಕೆ ನಡೆಸಿ ಮತ್ತೆ ಮೂಲಕೋಶವನ್ನಾಗಿ ಮಾಡುವುದು. ಅವರಿಗೆ 2012ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೀಗೆ ತಯಾರಿಸಿದ ಮೂಲಕೋಶಗಳಿಂದ ಗಾಜಿನ ತಟ್ಟೆಯಲ್ಲಿ ಎಳೆಯ ಮೆದುಳಿನ ಕೋಶಗಳನ್ನು ಬೆಳೆಸಬಹುದು. 2016ರ ಮಾರ್ಚಿಯಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ ಕೋಶಗಳಿಗೆ ಝಿಕಾ ವೈರಸ್ಸನ್ನು ಸೋಕಿಸಿ ನೋಡಿದ ಫಲವನ್ನು ಪ್ರಕಟಿಸಿದರು. ನರಕೋಶಗಳನ್ನು ಹುಟ್ಟಿಸಬೇಕಾದ ಪೂರ್ವಜ ಕೋಶಗಳಲ್ಲಿ ಬಹುಪಾಲು ಮೂರೇ ದಿನದಲ್ಲಿ ಸೋಂಕಿಗೆ ಸಿಕ್ಕಿದ್ದವು. ಅವುಗಳ ವಿಭಜನೆ ಏರುಪೇರಾಯಿತು, ಎಷ್ಟೋ ಸತ್ತವು, ಸಾಯುವ ಮುನ್ನ ಹೊಸ ವೈರಸ್ಸುಗಳನ್ನು ಹೊರಹಾಕಿ ನೆರೆಯ ಕೋಶಗಳಿಗೂ ದಾರಿ ತೋರಿಸಿದವು. ಆದರೆ ಆಗಲೇ ನರಕೋಶವಾಗುವ ಹಾದಿ ಹಿಡಿದವುಗಳಲ್ಲಿ ಸೋಂಕು ಬಹಳ ಕಡಿಮೆ. ಇನ್ನೂ ಒಂದು ವಿಶೇಷ: ಎಲ್ಲಕ್ಕೂ ಮೂಲವಾದ ಕೋಶಗಳಲ್ಲಿಯೂ ಅದು ಕಡಿಮೆಯೇ!

ಈ ಒಗಟಿಗೆ ಉತ್ತರದ ಒಂದು ಅಂಶ 2018ರಲ್ಲಿ ದೊರೆಯಿತು. ವೈರಸ್ಸು ಬಂದರೆ ಸಾಧಾರಣ ಜೀವಕೋಶ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಸ್ರವಿಸಿ ಕೂಗೆಬ್ಬಿಸುತ್ತದೆ. ಆ ಕೂಗಿಗೆ ಅಕ್ಕಪಕ್ಕದ ಕೋಶಗಳು ಆಯುಧ ಹಿಡಿಯುತ್ತವೆ. ಮೂಲಕೋಶಗಳಾದರೋ ಕೂಗಿಗಾಗಿ ಕಾಯುವುದಿಲ್ಲ. ಆ ಆಯುಧಗಳಲ್ಲಿ ಕೆಲವನ್ನು ಅವು ಹಗಲಿರುಳೂ ಕೈಯಲ್ಲಿ ಹಿಡಿದೇ ಇರುತ್ತವೆ. ಬಿತ್ತನೆ ಕಾಳಿಗೆ ಕಟ್ಟಿದ ಕೆಮ್ಮಣ್ಣು ಇದೇ. ಆದರೆ ಮೂಲಕೋಶ ಒಂದು ಹೆಜ್ಜೆ ಮುಂದಿಟ್ಟು ಬೆಳವಣಿಗೆಯ ಹಾದಿ ಹಿಡಿಯಿತೋ, ಈ ಕಾವಲು ಸಡಿಲವಾಗುತ್ತದೆ. ಮಣ್ಣು ತೊಳೆದು ನೆನೆಹಾಕಿದ ಕಾಳಿನಂತೆ, ಮೊಳೆಯುವ ಆ ಗಳಿಗೆಯೇ ಬಹಳ ಮೃದು, ಬಹಳ ಅಪಾಯದ ಗಳಿಗೆ. ಮೆದುಳಿನ ಪೂರ್ವಜ ಕೋಶಗಳಲ್ಲಿ ಮುಸಾಶಿ ಎಂಬ ಪ್ರೋಟೀನು ವಿಶೇಷವಾಗಿ ಇರುತ್ತದೆ. ಎರಡು ಕತ್ತಿ ಹಿಡಿದು ಹೋರಾಡುತ್ತಿದ್ದ ಜಪಾನಿನ ವೀರನೊಬ್ಬನ ಹೆಸರು ಅದಕ್ಕೆ. ಝಿಕಾ ವೈರಸ್ಸು ಈ ಪ್ರೋಟೀನನ್ನೇ ಹಿಡಿದುಕೊಂಡು ತನ್ನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುತ್ತದೆಂದು 2017ರಲ್ಲಿ ತಿಳಿದುಬಂತು. ಮನೆಯವರ ಕತ್ತಿ, ಕಳ್ಳನ ಕೈಗೆ. ಮೆದುಳಿನ ಹೊರಪದರದ ನರಕೋಶಗಳು ಬಹುಮಟ್ಟಿಗೆ ಬಸಿರಿನ ಮೊದಲರ್ಧದಲ್ಲಿಯೇ ಹುಟ್ಟಿಕೊಳ್ಳುತ್ತವೆ. ಆ ಕಾಲದಲ್ಲಿ ಹಾಳಾದ ಬಿತ್ತನೆಗೆ ಮರುಬಿತ್ತನೆಯ ಅವಕಾಶವಿಲ್ಲ.

ಎರಡನೆಯ ಬಗೆ, ಅಡಗಿ ಕೂರುವುದು. ಸೈಟೋಮೆಗಾಲೋ ವೈರಸ್ಸು ಎಂಬ ಉದ್ದ ಹೆಸರಿನದೊಂದು ನಮ್ಮ ದೇಶದ ವಯಸ್ಕರಲ್ಲಿ ಬಹುಪಾಲಿನವರ ಮೈಯಲ್ಲಿ ಬಾಲ್ಯದಿಂದಲೂ ಇದೆ. ಇದು ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಪೂರ್ವಜ ಕೋಶಗಳನ್ನು ಹೊಕ್ಕು ಸದ್ದಿಲ್ಲದೆ ಮಲಗುತ್ತದೆ. ಆ ಕೋಶದ ಸಂತತಿಯಲ್ಲಿ ಮೋನೋಸೈಟ್ ಎಂಬ ಬಿಳಿಯ ರಕ್ತಕೋಶಗಳು ಹುಟ್ಟಿದಾಗ ವೈರಸ್ಸು ಅವುಗಳೊಡನೆ ರಕ್ತದ ಹೊಳೆಗೆ ಇಳಿಯುತ್ತದೆ. ಮೋನೋಸೈಟು ಶ್ವಾಸಕೋಶಕ್ಕೋ ಕರುಳಿಗೋ ತಲುಪಿ, ಕಾವಲಿನ ದೊಡ್ಡ ಕೋಶವಾಗಿ ಬಲಿತಾಗ, ಮಲಗಿದ್ದದ್ದು ಎಚ್ಚರಗೊಳ್ಳುತ್ತದೆ. ಕಾವಲುಗಾರನ ಗಾಡಿಯಲ್ಲಿಯೇ ಕಳ್ಳನ ಪ್ರಯಾಣ! ಆರೋಗ್ಯವಂತರಲ್ಲಿ ಶರೀರದ ರಕ್ಷಣಾಬಲ ಇದನ್ನು ಅಲ್ಲಲ್ಲೇ ಅಡಗಿಸಿಬಿಡುತ್ತದೆ. ಆದರೆ ಮಜ್ಜೆಯ ಕಸಿ, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಲ್ಲಿ ಆ ಬಲವನ್ನು ಔಷಧದಿಂದ ತಗ್ಗಿಸಿರುತ್ತಾರಾದ್ದರಿಂದ ಇದು ತಲೆಯೆತ್ತುತ್ತದೆ. ಕಸಿಯಾದವರ ರಕ್ತವನ್ನು ವೈದ್ಯರು ಪದೇ ಪದೇ ಪರೀಕ್ಷಿಸುವುದಕ್ಕೆ ಇದೂ ಒಂದು ಕಾರಣ. ಗರ್ಭದಲ್ಲಿ ಮಗುವಿಗೆ ತಗುಲಿದರೆ ಹುಟ್ಟುಕಿವುಡಿಗೂ ಇದು ಕಾರಣವಾಗಬಹುದು. ಏಡ್ಸ್ ರೋಗದ ಎಚ್.ಐ.ವಿ. ಕೂಡ ದೀರ್ಘಾಯುಸ್ಸಿನ ನೆನಪಿನ ಕೋಶಗಳಲ್ಲಿ ಅಡಗುತ್ತದೆ. ಅವುಗಳಲ್ಲಿ ಕೆಲವಕ್ಕೆ ಮೂಲಕೋಶದ ಗುಣವುಂಟು. ಮಾತ್ರೆ ನಿಲ್ಲಿಸಿದರೆ ವೈರಸ್ಸು ಮರಳಿ ಬರುವುದು ಇಂಥ ಅಡಗುದಾಣಗಳಿಂದಲೇ.

ಮೂರನೆಯದು ಪ್ಯಾಪಿಲೋಮಾ ವೈರಸ್ಸು. ಗರ್ಭಕೋಶದ ಕೊರಳಿನ ಮೈ ಹಲವು ಪದರಗಳದು. ಅತ್ಯಂತ ಕೆಳಗಿನ ಪದರವೇ ಅಲ್ಲಿಯ ಸಸಿಮಡಿ. ಸಣ್ಣ ಗೀರು ಬಿದ್ದ ಕಡೆ ವೈರಸ್ಸು ಈ ಅಡಿಪದರವನ್ನು ಮುಟ್ಟುತ್ತದೆ. ಅಲ್ಲಿ ಗದ್ದಲ ಮಾಡದೆ ಇರುತ್ತದೆ. ಕೋಶಗಳು ಬಲಿತು ಮೇಲಕ್ಕೇರಿದಂತೆ ಅವುಗಳಲ್ಲಿ ಹೆಚ್ಚುತ್ತದೆ. ಉದುರುವ ಕೋಶಗಳೊಡನೆ ಹೊರಬೀಳುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಸೋಂಕು ತಾನಾಗಿ ಅಡಗುವುದು. ಅಡಗದೆ ಉಳಿದ ಕೆಲವರಲ್ಲಿ, ವರ್ಷಗಳು ಉರುಳಿದ ಮೇಲೆ, ಅದು ಕ್ಯಾನ್ಸರಿಗೆ ತಿರುಗುತ್ತದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂತು. ಸಂತೋಷದ ಸಂಗತಿಯೆಂದರೆ ಇದಕ್ಕೆ ಲಸಿಕೆಯಿದೆ. ಅಡಿಪದರವನ್ನು ವೈರಸ್ಸು ಮುಟ್ಟುವ ಮುನ್ನ, ಎಳೆಯ ವಯಸ್ಸಿನಲ್ಲಿ, ಹೆಣ್ಣುಮಕ್ಕಳಿಗೆ ಅದನ್ನು ಹಾಕಿಸಬೇಕು.

ಇನ್ನು ನಿಮ್ಮ ಬೀದಿಯ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ವೈಟ್‌ಫೀಲ್ಡಿನ ಕಡೆ ಡೆಂಗೆ ಎಂದರೆ ಜನ ಮೊದಲು ಕೇಳುವ ಪ್ರಶ್ನೆ, “ಪ್ಲೇಟ್‌ಲೆಟ್ ಎಷ್ಟಿದೆ?” ಎಂದು. ಅದು ಇಳಿಯುವುದೇಕೆ? ರಕ್ತದಲ್ಲಿರುವ ಕಣಗಳು ನಾಶವಾಗುವುದು ಒಂದು ಕಾರಣ. ಡೆಂಗೆ ವೈರಸ್ಸು ಮಜ್ಜೆಯಲ್ಲಿ ಆ ಕಣಗಳ ಪೂರ್ವಜರನ್ನು ತಾಕುವುದೂ, ಕೆಲವು ದಿನ ಮಜ್ಜೆಯೇ ಉತ್ಪಾದನೆಯನ್ನು ತಗ್ಗಿಸುವುದೂ ಇನ್ನೊಂದು. ಆದರೆ ಇಲ್ಲಿ ಬೀಜ ನಾಶವಾಗುವುದಿಲ್ಲ. ವೈರಸ್ಸು ತೊಲಗಿದೊಡನೆ ಮಜ್ಜೆ ಮತ್ತೆ ದುಡಿಯುತ್ತದೆ, ಎಣಿಕೆ ಏರುತ್ತದೆ. ಆದುದರಿಂದ ಎಣಿಕೆಯೊಂದನ್ನೇ ನೋಡಿ ಗಾಬರಿಪಡಬೇಡಿ. ನಿಜವಾದ ಎಚ್ಚರ ಬೇಕಾದದ್ದು ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆ ತೀವ್ರವಾಗಿ ನೋಯುವುದು, ವಾಂತಿ ನಿಲ್ಲದಿರುವುದು, ವಸಡು ಮೂಗುಗಳಲ್ಲಿ ರಕ್ತ, ಮಂಕು ಕವಿಯುವುದು, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಕೂಡದು, ಅವು ರಕ್ತಸ್ರಾವಕ್ಕೆ ಎಡೆಮಾಡುತ್ತವೆ.

ಝಿಕಾ ನಮಗೆ ದೂರದ ಮಾತಲ್ಲವೆ ಎನ್ನುತ್ತೀರೋ? 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಒಂದು ಮಗುವಿಗೆ ಅದು ತಗುಲಿದ್ದು ದೃಢಪಟ್ಟಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿಯೇ ವೈರಸ್ಸು ಸಿಕ್ಕಿತು. 2024ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಜಿಗಣಿಯಲ್ಲಿ ಐದು ಮಂದಿಯಲ್ಲಿ ಸೋಂಕು ಕಂಡಿತು. ವೈಟ್‌ಫೀಲ್ಡಿನಂತೆ ಜಿಗಣಿಯೂ ಬೆಂಗಳೂರಿನ ಹೊರವಲಯದ ಕೈಗಾರಿಕೆಯ ಸಾಲಿನದೇ. ಭಯ ಹುಟ್ಟಿಸಲೆಂದು ಇದನ್ನು ಹೇಳುತ್ತಿಲ್ಲ. ಸೋಂಕು ತಗುಲಿದ ಗರ್ಭಿಣಿಯರೆಲ್ಲರ ಮಕ್ಕಳಿಗೂ ಕೇಡಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ನೂರಕ್ಕೆ 5ರಿಂದ 15 ಶಿಶುಗಳಲ್ಲಿ ತೊಡಕು ಕಾಣುತ್ತದೆ. ಆದರೆ ಇದಕ್ಕೆ ಇಂದಿಗೂ ಮದ್ದಿಲ್ಲ, ಪೇಟೆಗೆ ಬಂದ ಲಸಿಕೆಯೂ ಇಲ್ಲ. ಉಳಿದಿರುವ ಬಾಗಿಲು ಒಂದೇ: ಸೊಳ್ಳೆ.

ಡೆಂಗೆ, ಝಿಕಾ, ಚಿಕನ್‌ಗುನ್ಯಗಳನ್ನು ಹೊತ್ತು ತರುವುದು ಈಡಿಸ್ ಎಂಬ, ಕಾಲಿನ ಮೇಲೆ ಬಿಳಿಯ ಪಟ್ಟೆಗಳುಳ್ಳ ಸೊಳ್ಳೆ. ಇದರ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಬಳಕೆಯಲ್ಲಿದೆ. ಸೊಳ್ಳೆಯೆಂದರೆ ವರ್ತೂರು ಕೆರೆಯ ಕೊಳೆ ನೀರಿನದು, ಮೋರಿಯದು ಎಂದು ಜನ ದೂರುತ್ತಾರೆ. ಕೊಳೆ ನೀರಿನಲ್ಲಿ ಹುಟ್ಟುವುದು ಮುಖ್ಯವಾಗಿ ಬೇರೆ ಜಾತಿ, ರಾತ್ರಿ ಕಡಿಯುವಂಥದು. ಈಡಿಸ್ ಬಯಸುವುದು ಕೂಡಿಟ್ಟ ತಿಳಿನೀರನ್ನು. ಅದು ಕಡಿಯುವುದೂ ಹಗಲಿನಲ್ಲಿ, ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಹೆಚ್ಚಾಗಿ. ಅದು ಬಹಳ ದೂರ ಹಾರುವುದಿಲ್ಲ. ನಿಮ್ಮನ್ನು ಕಡಿದ ಸೊಳ್ಳೆ ನಿಮ್ಮ ಅಥವಾ ನೆರೆಯವರ ಮನೆಯಲ್ಲಿ ಹುಟ್ಟಿದ್ದು ಎಂದು ತಿಳಿಯಬಹುದು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಂದು ದಿನ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆಗಳನ್ನು ಪೂರ್ತಿ ಬರಿದುಮಾಡಿದರೆ ಸಂತಾನ ನಿಲ್ಲುತ್ತದೆ. ಬರಿದುಮಾಡಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಏಕೆಂದರೆ ಗೋಡೆಗಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದೊಡನೆ ಜೀವ ತಳೆಯುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ವೈಟ್‌ಫೀಲ್ಡಿನ ಎಷ್ಟೋ ಬಡಾವಣೆಗಳು ನೀರಿಗೆ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿವೆ. 2024ರ ಬೇಸಗೆಯಲ್ಲಿ ಬೆಂಗಳೂರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ದೊಡ್ಡ ವಸತಿ ಸಮುಚ್ಚಯಗಳಿಗೆ ಮುಚ್ಚಳವಿರುವ ಸಂಪು ಉಂಟು. ಕಟ್ಟಡ ಕಟ್ಟುವ ಕೂಲಿಯವರ ತಗಡಿನ ಶೆಡ್ಡುಗಳಲ್ಲಿ ಇರುವುದು ಬಾಯಿ ತೆರೆದ ಡ್ರಮ್ಮುಗಳು. ನೀರು ಯಾವಾಗ ಬರುವುದೋ ತಿಳಿಯದವರಿಗೆ, “ಕೂಡಿಟ್ಟ ನೀರನ್ನು ವಾರಕ್ಕೊಮ್ಮೆ ಚೆಲ್ಲಿ” ಎಂದು ಬುದ್ಧಿ ಹೇಳುವುದು ಸುಲಭ, ನಡೆಸುವುದು ಕಷ್ಟ. ಆ ಶೆಡ್ಡುಗಳಲ್ಲಿ ಬಸುರಿ ಹೆಂಗಸರಿದ್ದಾರೆ. ಕೊಡುವವರು ನಿಯಮಿತವಾಗಿ ನೀರು ಕೊಡಬೇಕು. ಕೆಲಸಕ್ಕೆ ಕರೆತಂದವರು ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳವನ್ನು, ಇಲ್ಲವೆ ಬಟ್ಟೆಯ ಹೊದಿಕೆಯನ್ನಾದರೂ ಒದಗಿಸಬೇಕು. ಅಡಿಪಾಯದ ಗುಂಡಿ, ಲಿಫ್ಟಿನ ಗುಂಡಿ, ಹಸಿ ಕಾಂಕ್ರೀಟಿನ ಮೇಲೆ ಕಟ್ಟಿದ ನೀರು ಇವನ್ನು ವಾರವಾರವೂ ನೋಡಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಸಾರಿದಾಗ, ಸೊಳ್ಳೆಗೆ ನೆಲೆಕೊಡುವ ಮನೆ, ಅಂಗಡಿ, ಕಟ್ಟಡದ ನಿವೇಶನಗಳಿಗೆ ದಂಡವನ್ನೂ ಗೊತ್ತುಮಾಡಿತು. ದಂಡಕ್ಕಿಂತ ಮುಚ್ಚಳ ಅಗ್ಗ.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಹಗಲು ಮಲಗುವಾಗಲೂ ಸೊಳ್ಳೆಪರದೆ ಕಟ್ಟಿರಿ. ತೋಳು ಕಾಲು ಮುಚ್ಚುವ ಬಟ್ಟೆ ಉಡಲಿ. ಜ್ವರದೊಡನೆ ದದ್ದು ಕಂಡರೆ, ಅದು ಎಷ್ಟೇ ಸಣ್ಣದಾಗಿರಲಿ, ವೈದ್ಯರಿಗೆ ತೋರಿಸಿ. ಝಿಕಾ ಗಂಡನಿಂದ ಹೆಂಡತಿಗೂ ದಾಟಬಲ್ಲದು. ಗಂಡನಿಗೆ ಅಂಥ ಜ್ವರ ಬಂದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಮನೆಕೆಲಸಕ್ಕೆ ಬರುವಾಕೆ, ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುವಾಕೆ ಬಸುರಿಯಾಗಿದ್ದರೆ ಇಷ್ಟು ಮಾತನ್ನು ಆಕೆಗೂ ತಿಳಿಸಿ. ಆಕೆಯ ಮನೆಯ ಡ್ರಮ್ಮಿಗೆ ಮುಚ್ಚಳವಿದೆಯೇ ಎಂದು ಕೇಳಿ. ಇಲ್ಲವಾದರೆ ಒಂದನ್ನು ಕೊಡಿಸಿ.